ಪಾಲಿಡೋಪಮೈನ್ ಲೇಪಿಸಿದ ಮೇಲೆ ಎಲೆಕ್ಟ್ರೋಡ್ ಸಿಗ್ನಲ್ ಕೊಡುತ್ತಿಲ್ಲ

ಪ್ರಶ್ನೆ
ಗ್ಲೂಕೋಸ್ ಸೆನ್ಸರ್‌ಗಾಗಿ ಕಾರ್ಬನ್ ಎಲೆಕ್ಟ್ರೋಡ್‌ಗೆ ಪಾಲಿಡೋಪಮೈನ್ (ಡೋಪಮೈನ್ ಅಣುಗಳು ಕೂಡಿ ಆಗುವ ಅಂಟು ಪದರ) ಲೇಪಿಸಿ, ಅದರ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವನ್ನು ಕೂರಿಸಲು ಹೊರಟಿದ್ದೇನೆ. ಡೋಪಮೈನ್ ಮಿಲಿಲೀಟರಿಗೆ 2 ಮಿಲಿಗ್ರಾಂ, ಟ್ರಿಸ್ ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) 10 ಮಿಲಿಮೋಲಾರ್, ಪಿಎಚ್ 8.5, ಅವಧಿ 24 ಗಂಟೆ. ಎಲೆಕ್ಟ್ರೋಡ್ ಪರೀಕ್ಷೆಗೆ ಬಳಸುವ ಫೆರಿಸಯನೈಡ್ ದ್ರಾವಣದಲ್ಲಿ ವೋಲ್ಟೇಜ್ ಏರಿಳಿಸಿ ವಿದ್ಯುತ್ ಅಳೆದರೆ, ಲೇಪನಕ್ಕೆ ಮುಂಚೆ ಎರಡು ಚೂಪಾದ ಶಿಖರಗಳು ಬರುತ್ತಿದ್ದವು. ಈಗ ಗೆರೆ ಮಲಗಿಬಿಟ್ಟಿದೆ. ತೊಳೆಯುವಾಗ ಮಸಿಯಂಥ ಕಪ್ಪು ಚೂರುಗಳು ಕಳಚಿ ಬರುತ್ತಿವೆ. ಮೂರು ಎಲೆಕ್ಟ್ರೋಡ್‌ಗಳಲ್ಲೂ ಇದೇ ಕತೆ. ಡೋಪಮೈನ್ ಹಾಳಾಗಿದೆಯೇ?

ಉತ್ತರ 1
ಡೋಪಮೈನ್ ಚೆನ್ನಾಗಿಯೇ ಇದೆ, ಲೇಪನ ದಪ್ಪವಾಗಿದೆ. ಮಸೆಲ್ ಎಂಬ ಚಿಪ್ಪುಜೀವಿ ಅಲೆ ಬಡಿಯುವ ಬಂಡೆಯನ್ನು ಬಿಡದೆ ಕಚ್ಚಿಕೊಂಡಿರುವುದು ಡೋಪಾ (ಡೋಪಮೈನ್‌ನ ಹತ್ತಿರದ ನಂಟಿನ ಅಮೈನೋ ಆಮ್ಲ) ತುಂಬಿದ ಪ್ರೋಟೀನುಗಳಿಂದ. ಅದನ್ನು ನೋಡಿಯೇ 2007ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ ನೀವು ಬರೆದಿರುವ ಪಾಕವನ್ನು ಪ್ರಕಟಿಸಿತು. ಯಾವ ಮೇಲ್ಮೈಗಾದರೂ ಅಂಟಬೇಕು ಎಂಬುದು ಅವರ ಗುರಿ. 24 ಗಂಟೆಯಲ್ಲಿ ಪದರ ಸುಮಾರು 50 ನ್ಯಾನೋಮೀಟರ್ ಬೆಳೆಯುತ್ತದೆ. ನಿಮಗಾದರೋ ಎಲೆಕ್ಟ್ರಾನ್ ದಾಟಬೇಕು, ಪಾಲಿಡೋಪಮೈನ್ ಅದಕ್ಕೆ ಸುಲಭವಾಗಿ ದಾರಿ ಬಿಡುವುದಿಲ್ಲ.

ಇನ್ನೊಂದು ಕಾರಣವೂ ಇರಬಹುದು. ತಟಸ್ಥ ಪಿಎಚ್‌ನಲ್ಲಿ ಈ ಪದರಕ್ಕೆ ಋಣ ವಿದ್ಯುದಂಶ, ಫೆರಿಸಯನೈಡ್‌ಗೂ ಋಣವೇ. ಒಂದನ್ನೊಂದು ತಳ್ಳುತ್ತವೆ. ಹಳೆಯ ಎಲೆಕ್ಟ್ರೋಡನ್ನು ಎಸೆಯುವ ಮುನ್ನ ಧನ ವಿದ್ಯುದಂಶದ ಹೆಕ್ಸಾಅಮ್ಮೀನ್ ರುಥೇನಿಯಂನಲ್ಲಿ ಅಳೆಯಿರಿ. ಶಿಖರ ಕಂಡರೆ ವಿದ್ಯುದಂಶದ ತಡೆಯೂ ಇದೆ ಎಂದರ್ಥ. ಅಲ್ಲೂ ಏನೂ ಕಾಣದಿದ್ದರೆ ದಪ್ಪವೇ ಮುಖ್ಯ ಅಡ್ಡಿ. ಹೊಸದಕ್ಕೆ 30 ನಿಮಿಷ ಸಾಕು.

ಉತ್ತರ 2
ಕಪ್ಪು ಚೂರುಗಳ ಬಗ್ಗೆ: ಅವು ದ್ರಾವಣದಲ್ಲೇ ಹುಟ್ಟಿದ ಕಣಗಳು. ಎಲೆಕ್ಟ್ರೋಡ್ ಮುಖ ಮೇಲೆ ಮಾಡಿ ಮಲಗಿದ್ದರೆ ಹೂಳಿನಂತೆ ಅದರ ಮೇಲೆ ಕೂರುತ್ತವೆ. ನೆಟ್ಟಗೆ ತೂಗುಹಾಕಿ, ಮೆಲ್ಲಗೆ ಕಲಕುತ್ತಿರಿ. ಪಾತ್ರೆಯನ್ನು ಬಿಗಿಯಾಗಿ ಮುಚ್ಚಬೇಡಿ, ಈ ಕ್ರಿಯೆಗೆ ಗಾಳಿಯ ಆಮ್ಲಜನಕ ಬೇಕು.

ಕಿಣ್ವ ಹಾಕುವ ಮುನ್ನ ಟ್ರಿಸ್ ಅನ್ನು ಪೂರ್ತಿ ತೊಳೆಯಿರಿ. ಕಿಣ್ವ ಅಂಟಬೇಕಾದ ಜಾಗಕ್ಕೆ ಟ್ರಿಸ್‌ನ ಅಮೈನ್ ಗುಂಪೂ ಪೈಪೋಟಿ ನಡೆಸುತ್ತದೆ. ಕಿಣ್ವವನ್ನು ಫಾಸ್ಫೇಟ್ ಬಫರ್‌ನಲ್ಲಿ ಕರಗಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು
ಹಳೆಯ ಎಲೆಕ್ಟ್ರೋಡ್‌ನಲ್ಲಿ ರುಥೇನಿಯಂ ಶಿಖರ ಕಂಡಿತು, ಆದರೆ ಕುಳ್ಳಗೆ, ಅಗಲವಾಗಿ. 30 ನಿಮಿಷ ತೂಗುಹಾಕಿದ ಹೊಸದರಲ್ಲಿ ಫೆರಿಸಯನೈಡ್ ಶಿಖರಗಳು ಮರಳಿವೆ! ಬರಿಯ ಕಾರ್ಬನ್‌ಗಿಂತ ಸ್ವಲ್ಪ ಕುಗ್ಗಿವೆ, ಎರಡರ ನಡುವಿನ ಅಂತರವೂ ಹೆಚ್ಚಿದೆ. ತೊಳೆದ ನೀರು ತಿಳಿಯಾಗಿದೆ. ಇದು ಸಾಕೇ?

ಉತ್ತರ 1
ಧಾರಾಳ ಸಾಕು. ರುಥೇನಿಯಂ ಶಿಖರವೂ ಕುಗ್ಗಿರುವುದರಿಂದ ಹಳೆಯದರಲ್ಲಿ ಎರಡೂ ತೊಂದರೆಗಳು ಸೇರಿದ್ದವು. ನೀವು ಕೊನೆಗೆ ಅಳೆಯುವುದು ಕಿಣ್ವ ಹೊರಬಿಡುವ ಹೈಡ್ರೋಜನ್ ಪೆರಾಕ್ಸೈಡ್ ಆದರೆ, ಅದು ವಿದ್ಯುದಂಶವಿಲ್ಲದ ಪುಟ್ಟ ಅಣು. ಪದರವನ್ನು ಫೆರಿಸಯನೈಡ್‌ಗಿಂತ ಸಲೀಸಾಗಿ ದಾಟುತ್ತದೆ. ಕಿಣ್ವ ಹಾಕದ ಲೇಪಿತ ಎಲೆಕ್ಟ್ರೋಡ್ ಒಂದನ್ನೂ ಜೊತೆಗೆ ಅಳೆಯಿರಿ. ಪಾಲಿಡೋಪಮೈನ್‌ನಲ್ಲಿ ಎಲೆಕ್ಟ್ರಾನ್ ಕೊಟ್ಟು ಪಡೆಯುವ ಕ್ಯಾಟೆಕಾಲ್ ಗುಂಪುಗಳೇ ಒಂದಿಷ್ಟು ವಿದ್ಯುತ್ ಕೊಡುತ್ತವೆ, ಅದನ್ನು ಗ್ಲೂಕೋಸ್‌ನ ಲೆಕ್ಕಕ್ಕೆ ಸೇರಿಸಬಾರದು.