ಅಪ್‌ಡೇಟ್: ಏರ್ ರೈಫಲ್ ಸ್ಕೋಪ್ ಕೊನೆಗೂ ಸರಿಯಾಯಿತು
10 ಮೀಟರ್‌ನಲ್ಲಿ ನನ್ನ ಏರ್ ರೈಫಲ್ 4 ಸೆಂ.ಮೀ. ಕೆಳಗೆ ಹೊಡೆಯುತ್ತಿದೆ, ಸ್ಕೋಪ್‌ನ (ಗುರಿ ನೋಡುವ ದುರ್ಬೀನಿನ) ತಿರುಪನ್ನು ಎಂಟು ಕ್ಲಿಕ್ ತಿರುಗಿಸಿದರೂ ಏನೂ ಆಗುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ? ಸ್ಕೋಪ್ ಕೆಟ್ಟಿರಲಿಲ್ಲ, ನನ್ನ ಲೆಕ್ಕ ಕೆಟ್ಟಿತ್ತು. "ಕ್ಲಿಕ್ ಲೆಕ್ಕ ಹಾಕಿ" ಅಂದವರೇ ಸರಿ. ಕಾಲು ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಅಂದರೆ ಏಟು ಸರಿಯುವುದು 100 ಮೀಟರ್‌ಗೆ ಸುಮಾರು 7 ಮಿ.ಮೀ., 10 ಮೀಟರ್‌ಗೆ ಬರೀ 0.7! ನನಗೆ ಬೇಕಿದ್ದದ್ದು ಹೆಚ್ಚುಕಡಿಮೆ 57 ಕ್ಲಿಕ್. ಕಲಬುರಗಿ ಹತ್ತಿರ ನಮ್ಮ ತೊಗರಿ ಹೊಲದಲ್ಲಿ, ಮಣ್ಣಿನ ದಿಬ್ಬದ ಮುಂದೆ ಕಾಗದ ನಿಲ್ಲಿಸಿ, ಬಿಸಿಲೇರುವ ಮೊದಲೇ ಮುಗಿಸಿದೆ (ನಮ್ಮ ಬಿಸಿಲು ಗೊತ್ತಲ್ವಾ). ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಬದಲಿಸಿದ್ದು ಸುಮ್ನೆ ದಂಡ. ಗೊತ್ತಿಲ್ಲದೇ ಇದ್ದದ್ದು ಇನ್ನೊಂದು: ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಆ ಒದೆತಕ್ಕೆ ಸ್ಕೋಪ್ ಹಿಡಿದಿಡುವ ಮೌಂಟ್ ಮೆಲ್ಲಗೆ ಹಿಂದೆ ಜಾರಿತ್ತು. ಜಾರದಂತೆ ತಡೆಯುವ ಸ್ಟಾಪ್ ಪಿನ್ ಹಾಕಿದ ಮೇಲೆ ಕದಲಿಲ್ಲ.