ಸಹಾಯ ಬೇಕು: ತದ್ರೂಪಿ ಬೆಕ್ಕುಗಳನ್ನು ನೋಡುಗರು ಗುರುತಿಸೋದು ಹೇಗೆ?

ಒಂದು ಪುಟ್ಟ ಕಾರ್ಟೂನ್ ಕಾಮಿಡಿ ಬರೆಯುತ್ತಿದ್ದೇನೆ. ಬಂಗಲೆ ಬೆಕ್ಕು, ಬೀದಿ ಬೆಕ್ಕು ಅದಲು ಬದಲಾಗುತ್ತವೆ. ಮನೆಯವರಿಗೆ ಗೊತ್ತಾಗಬಾರದು, ನೋಡುಗರಿಗೆ ಪ್ರತಿ ಶಾಟ್‌ನಲ್ಲೂ ಗೊತ್ತಾಗಬೇಕು. ಇಲ್ಲದಿದ್ದರೆ ನಗು ಎಲ್ಲಿಂದ ಬರಬೇಕು, ಅಲ್ವಾ?

ಕುತ್ತಿಗೆ ಬೆಲ್ಟ್ ಬೇಡ, ಅದೂ ಬದಲಾಗುತ್ತದೆ. ಬಾಲದಲ್ಲೇ ತೋರಿಸೋಣ ಅಂತಿದ್ದೇನೆ. ಬೆಕ್ಕು ಖುಷಿಯಿಂದ ಹತ್ತಿರ ಬರುವಾಗ ಬಾಲ ನೆಟ್ಟಗೆ ಎತ್ತುತ್ತದೆ. ಬೀದಿಯದು ಬಾಲ ತಗ್ಗಿಸಿ, ಗೋಡೆಗೆ ಒತ್ತಿಕೊಂಡೇ ನಡೆಯುತ್ತದೆ. ತುಂಬಿದ ಬಟ್ಟಲು ಮುಂದಿಟ್ಟರೂ ಹಿಂದೆ ತಿರುಗಿ ನೋಡಿ ಆಮೇಲೆ ಬಾಯಿ ಹಾಕುತ್ತದೆ.

ದೊಡ್ಡ ತಲೆನೋವು ಆ ಮನೆಯ ನಾಯಿ. ಅದು ವಾಸನೆಯಿಂದಲೇ ಕಂಡುಹಿಡಿಯುತ್ತದೆ. ಒಂದು ಸಲ ಮೂಸಿದರೆ ಕಥೆ ಅಲ್ಲಿಗೇ ಮುಗೀತು! ಅದಕ್ಕೆ ನೆಗಡಿ ಬರಿಸುವುದು ಹಳೇ ಜೋಕ್. ನಾಯಿಗೆ ಎಲ್ಲಾ ಗೊತ್ತು, ಬೊಗಳಿದಷ್ಟೂ ಬೈಸಿಕೊಳ್ಳುತ್ತದೆ ಅಂತ ಮಾಡಿದರೆ? ನನಗೆ ಇದೇ ಇಷ್ಟ. ಆದರೆ ಬೆಕ್ಕುಗಳ ಕಥೆಯನ್ನು ನಾಯಿಯೇ ನುಂಗಿಬಿಡುತ್ತದೇನೋ.

ಆನಿಮೇಷನ್ ಗೊತ್ತಿರುವವರು ಇನ್ನೊಂದು ಹೇಳಿ. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ. ಅಂದರೆ 12 ಚಿತ್ರ. ನಡಿಗೆಯ ವ್ಯತ್ಯಾಸ ಕಾಣಲು ಅಷ್ಟು ಸಾಕಾ, ಅಥವಾ ಜಾಸ್ತಿ ಬೇಕಾ?