ಖಾಲಿ ಸೈಟಿನಲ್ಲಿ ಮೂರನೇ ಸಲ ಬೆಂಕಿ: ಮಳೆ ಹಿಡಿಯುವ ಮೊದಲು ಏನಾದರೂ ಮಾಡೋಣ

ಬಡಾವಣೆ ಸಂಘದ ಕಾರ್ಯದರ್ಶಿ (ಮನೆ 11), ಕಾರವಾರ, ಸೋಮವಾರ ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಹತ್ತೂವರೆಗೆ ಮೂರನೇ ಅಡ್ಡರಸ್ತೆಯ ಖಾಲಿ ಸೈಟಿನಲ್ಲಿ ಮತ್ತೆ ಬೆಂಕಿ. ಈ ಬೇಸಿಗೆಯಲ್ಲಿ ಇದು ಮೂರನೇ ಸಲ. ಅಕ್ಕಪಕ್ಕದವರು ಕೊಡ, ಬಕೆಟ್ ಹಿಡಿದು ಓಡಿ ಬಂದರು. ಹುಲ್ಲು, ಪ್ಲಾಸ್ಟಿಕ್ ಎಲ್ಲ ಬೇಗ ಆರಿತು. ಒಂದು ಮೂಲೆ ಮಾತ್ರ ನೀರು ಸುರಿದರೂ ಚಟಪಟ ಸಿಡಿದು ಮತ್ತೆ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಬೆಳಿಗ್ಗೆ ಹೋಗಿ ಕೋಲಿನಿಂದ ಕೆದಕಿ ನೋಡಿದೆ. ವೈರುಗಳ ಸಿಪ್ಪೆ ಕರಗಿ ಗಂಟು ಕಟ್ಟಿದೆ. ಒಳಗಿನ ತಾಮ್ರ ಇಲ್ಲ, ಯಾರೋ ಆಗಲೇ ಎಳೆದುಕೊಂಡು ಹೋಗಿದ್ದಾರೆ. ಕೆಳಗೆ ಸುಟ್ಟ ಎರಡು ಮೊಬೈಲ್, ಒಂದು ಲ್ಯಾಪ್‌ಟಾಪ್ ಬ್ಯಾಟರಿ, ಟ್ಯೂಬ್‌ಲೈಟಿನ ಚೂರುಗಳು. ಪಕ್ಕದಲ್ಲೇ ಗಟಾರ. ಇನ್ನು ಮೂರು ವಾರಕ್ಕೆ ಮಳೆ ಹಿಡಿದರೆ ಆ ಕರಿ ಬೂದಿಯೆಲ್ಲ ಸಮುದ್ರಕ್ಕೆ ಹೋಗುತ್ತದೆ. ನಾವು ತಿನ್ನುವ ಬಂಗಡೆ, ತಾರ್ಲೆ ಬರುವುದೂ ಅಲ್ಲಿಂದಲೇ.

ಏನು ಮಾಡೋಣ, ಸಂಜೆಯೊಳಗೆ ಹೇಳಿ.

ಮನೆ 9, 8:05

ಮಗಳಿಗೆ ರಾತ್ರಿಯಿಡೀ ಕೆಮ್ಮು. ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಹೊಗೆ. ಆ ವಾಸನೆ ಇನ್ನೂ ಪರದೆಗೆ ಅಂಟಿಕೊಂಡಿದೆ. ದಯವಿಟ್ಟು ಈ ಸಲ ಸುಮ್ನೆ ಬಿಡಬೇಡಿ.

ಮನೆ 21, 8:12

ಸುಡುವವರನ್ನು ಹಿಡಿದು ಪೊಲೀಸರಿಗೆ ಕೊಡಬೇಕು. ಸೈಟಿಗೆ ತಂತಿ ಬೇಲಿ ಹಾಕಿಸೋಣ. ನನ್ನ ಪಾಲಿನ ದುಡ್ಡು ಇವತ್ತೇ ಕೊಡುತ್ತೇನೆ.

ಮೊಬೈಲ್ ರಿಪೇರಿ ಅಂಗಡಿ, ಮುಖ್ಯರಸ್ತೆ, 9:30

ಅಣ್ಣ, ಬೇಲಿ ಹಾಕಿದರೆ ಅವರು ಮುಂದಿನ ಸೈಟಿಗೆ ಹೋಗುತ್ತಾರೆ. ಆ ಮೊಬೈಲು, ವೈರು ಎಲ್ಲ ಬಂದದ್ದು ನಮ್ಮ ಮನೆಗಳಿಂದಲೇ ಅಲ್ವಾ? ಹಬ್ಬಕ್ಕೆ ಮನೆ ಗುಡಿಸುವಾಗ ಗುಜರಿಯವರಿಗೆ ತೂಕಕ್ಕೆ ಕೊಡುತ್ತೇವೆ. ಅವರಿಗೆ ದುಡ್ಡು ಬರುವುದು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂನಿಂದ. ಉಳಿದದ್ದು ಅವರಿಗೆ ಕಸ. ತಾಮ್ರ ಬೇಗ ಬಿಡಿಸಲು ಬೆಂಕಿ ಹಚ್ಚುತ್ತಾರೆ. ಹೊಟ್ಟೆಪಾಡು, ಅವರನ್ನೊಬ್ಬರನ್ನೇ ಬೈದು ಏನು ಪ್ರಯೋಜನ.

ಇನ್ನೊಂದು ಮಾತು. ನಿನ್ನೆ ಸಿಡಿದದ್ದು ಲಿಥಿಯಂ ಬ್ಯಾಟರಿ. ನನ್ನ ಅಂಗಡಿಗೆ ಬರುವ ಹಳೆ ಮೊಬೈಲುಗಳಲ್ಲಿ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಹಿಂದಿನ ಮುಚ್ಚಳವನ್ನೇ ಎತ್ತಿರುತ್ತದೆ. ಅಂಥದ್ದನ್ನು ಚುಚ್ಚಿದರೂ, ಮಡಚಿದರೂ ಅಪಾಯ. ನಾನು ಒಂದು ಪೇಂಟ್ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರಲ್ಲಿ ಹೂತು ಇಡುತ್ತೇನೆ. ಈಗ ನಲವತ್ತಕ್ಕೂ ಜಾಸ್ತಿ ಇವೆ. ಎಲ್ಲಿ ಕೊಡಬೇಕು ಅಂತ ಗೊತ್ತಾಗದೆ ಎರಡು ವರ್ಷದಿಂದ ಇಟ್ಟುಕೊಂಡಿದ್ದೇನೆ.

ಮೇಷ್ಟ್ರು (ಮನೆ 14), 11:15

ಅಂಗಡಿ ತಮ್ಮ ಹೇಳಿದ್ದು ಸರಿ. ನನ್ನದೊಂದು ಮಾತು ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಮೊನ್ನೆ ನಮ್ಮ ಮನೆಯ ಹಳೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿದೆ. ಒಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆ. ಅದರ ಮೂಲೆಯಲ್ಲಿ ಬಾಳೆಹಣ್ಣಿನ ಹೋಳಿನ ಹಾಗೆ ಬಾಗಿದ ಎರಡು ಚಿಕ್ಕ ಅಯಸ್ಕಾಂತ. ಒಂದನ್ನು ಅಡುಗೆಮನೆಯ ಈಳಿಗೆಗೆ ತಾಗಿಸಿದೆ. ಟಕ್ ಅಂತ ಕಚ್ಚಿಕೊಂಡಿತು. ಮೊಮ್ಮಗ ಎಷ್ಟು ಎಳೆದರೂ ಬರಲಿಲ್ಲ. ಕೊನೆಗೆ ನಾನೇ ಪಕ್ಕಕ್ಕೆ ಜಾರಿಸಿ ತೆಗೆದೆ. ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳಿಗೆ ತೋರಿಸಿದ ಲಾಳದ ಅಯಸ್ಕಾಂತಕ್ಕೆ ಇದರ ಕಾಲು ಭಾಗ ಬಲವೂ ಇರಲಿಲ್ಲ.

ಇದರ ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನಿಯೋಡಿಮಿಯಂ ಗುಂಪಿನ ಲೋಹ. ಉಳಿದದ್ದು ಹೆಚ್ಚಾಗಿ ಕಬ್ಬಿಣ, ಚೂರು ಬೋರಾನ್. ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರು, ಗಾಳಿಯಂತ್ರ, ಇಯರ್‌ಫೋನ್, ಎಲ್ಲದಕ್ಕೂ ಇದೇ ಅಯಸ್ಕಾಂತ ಬೇಕು. ಬಿಸಿಯಾದರೂ ಬಲ ಕಳೆದುಕೊಳ್ಳಬಾರದು ಅಂತ ಅದೇ ಗುಂಪಿನ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿಸುತ್ತಾರೆ. ವಿರಳ ಲೋಹ ಅಂತ ಹೆಸರಿದ್ದರೂ ಇವು ಮಣ್ಣಿನಲ್ಲಿ ಅಷ್ಟೇನೂ ಅಪರೂಪ ಅಲ್ಲ. ಒಂದೇ ಕಡೆ ಗಟ್ಟಿಯಾಗಿ ಸಿಗುವುದಿಲ್ಲ, ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಬಹಳ ಕಷ್ಟ. ಆ ಬೇರೆ ಮಾಡುವ ಕೆಲಸದಲ್ಲಿ ಇಡೀ ಜಗತ್ತಿನ ಹತ್ತರಲ್ಲಿ ಒಂಬತ್ತು ಪಾಲು ಚೀನಾದ ಕೈಯಲ್ಲಿದೆ.

2010ರಲ್ಲಿ ಜಪಾನಿಗೆ ಹೋಗುತ್ತಿದ್ದ ಸರಕನ್ನು ಚೀನಾ ತಡೆದಾಗ ಅಲ್ಲಿನ ಕಾರ್ಖಾನೆಗಳು ಕಂಗಾಲಾದವು. 2025ರ ಏಪ್ರಿಲ್ 4ರಿಂದ ಇಂಥ ಏಳು ಲೋಹಗಳಿಗೆ, ಅವುಗಳಿಂದ ಮಾಡಿದ ಅಯಸ್ಕಾಂತಗಳಿಗೆ ಚೀನಾ ರಫ್ತು ಪರವಾನಗಿ ಕಡ್ಡಾಯ ಮಾಡಿತು. ನಮ್ಮ ವಾಹನ ಕಾರ್ಖಾನೆಗಳಿಗೂ ಬಿಸಿ ತಟ್ಟಿತು.

ಬ್ಯಾಟರಿಯ ಕಥೆಯೂ ಇದೇ. ಲಿಥಿಯಂ, ಕೋಬಾಲ್ಟ್, ನಿಕಲ್, ಈ ಮೂರಕ್ಕೂ ನಾವು ಪೂರ್ತಿಯಾಗಿ ಹೊರದೇಶವನ್ನೇ ನಂಬಿಕೊಂಡಿದ್ದೇವೆ ಅಂತ ಸರ್ಕಾರವೇ 2023ರ ವರದಿಯಲ್ಲಿ ಹೇಳಿದೆ. ಆಗಲೇ ದೇಶಕ್ಕೆ ತೀರಾ ಅಗತ್ಯವಾದ 30 ಖನಿಜಗಳ ಪಟ್ಟಿ ಮಾಡಿದರು. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ಅಭಿಯಾನಕ್ಕೆ ಒಪ್ಪಿಗೆ ಸಿಕ್ಕಿತು. ನನಗೆ ಮುಖ್ಯ ಅನಿಸಿದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ 1,500 ಕೋಟಿಯ ಇನ್ನೊಂದು ಯೋಜನೆ. ಇ-ಕಸ, ಹಳೆ ಲಿಥಿಯಂ ಬ್ಯಾಟರಿಗಳಿಂದ ಈ ಖನಿಜಗಳನ್ನು ವಾಪಸ್ ತೆಗೆಯುವ ಕಾರ್ಖಾನೆಗಳಿಗೆ ಪ್ರೋತ್ಸಾಹಧನ. ವರ್ಷಕ್ಕೆ 2.7 ಲಕ್ಷ ಟನ್ ಮರುಬಳಕೆಯ ಸಾಮರ್ಥ್ಯ, ಅದರಿಂದ ಸುಮಾರು 40,000 ಟನ್ ಖನಿಜ, ಇದು ಗುರಿ.

ಕಾರ್ಖಾನೆ ಎದ್ದು ನಿಂತರೆ ಆಯಿತೇ? ಅರೆಯುವುದಕ್ಕೆ ಸರಕು ಬೇಕಲ್ಲ. ಆ ಸರಕು ನಿನ್ನೆ ರಾತ್ರಿ ಮೂರನೇ ಅಡ್ಡರಸ್ತೆಯಲ್ಲಿ ಹೊಗೆಯಾಗಿ ಹೋಯಿತು. ಅದನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮನೆ 6, 12:40

ಮೇಷ್ಟ್ರೇ, ನಿಮ್ಮ ಬಗ್ಗೆ ಗೌರವ ಇದೆ, ತಪ್ಪು ತಿಳಿಯಬೇಡಿ. ನಮ್ಮ ಅರವತ್ತು ಮನೆಯ ಹಳೆ ಮೊಬೈಲಿನಿಂದ ದೇಶಕ್ಕೆ ಎಷ್ಟು ಕೋಬಾಲ್ಟ್ ಸಿಕ್ಕೀತು? ನೀವು ಹೇಳಿದ ವಿರಳ ಲೋಹ ಕರಾವಳಿಯ ಮರಳಿನಲ್ಲೇ ಇದೆ ಅಂತ ಓದಿದ್ದೇನೆ. ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆಯಂತೆ. ಅದನ್ನು ಅಗೆಯುವುದು ಬಿಟ್ಟು ನಾವೇಕೆ ಡಬ್ಬಿ ಹಿಡಿದು ಓಡಾಡಬೇಕು?

ಮೇಷ್ಟ್ರು (ಮನೆ 14), 1:20

ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀರಿ. ಮಂಡ್ಯದ ಮರಳಗಾಲದಲ್ಲಿ ಸಿಕ್ಕಿದ್ದು ಸುಮಾರು 1,600 ಟನ್ ಅಂತ ಅಂದಾಜು. ತೀರಾ ಕಡಿಮೆ. ಮರಳಿನಲ್ಲಿರುವುದು ಮೊನಾಜೈಟ್ ಅನ್ನುವ ಖನಿಜ, ವಿರಳ ಲೋಹ ಇರುವುದು ಅದರೊಳಗೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರ, ಇಲ್ಲೆಲ್ಲ ಸರ್ಕಾರದ ಐಆರ್‌ಇಎಲ್ ಕಂಪನಿ ಕೆಲಸ ಮಾಡುತ್ತಿದೆ. 1950ರಲ್ಲಿ ಶುರುವಾದದ್ದು. ಮೊನಾಜೈಟಿನಲ್ಲಿ ವಿಕಿರಣ ಸೂಸುವ ಥೋರಿಯಂ ಇರುವುದರಿಂದ ಅದು ಅಣುಶಕ್ತಿಯ ಕಾನೂನಿನ ಕೆಳಗೆ ಬರುತ್ತದೆ, ಯಾರೂ ಹೋಗಿ ಬಾಚುವ ಹಾಗಿಲ್ಲ. ನಮ್ಮ ಮೊನಾಜೈಟಿನಲ್ಲಿ ನಿಯೋಡಿಮಿಯಂ ಇದೆ. ಡಿಸ್ಪ್ರೋಸಿಯಂ, ಟರ್ಬಿಯಂ ಬಹಳ ಕಮ್ಮಿ.

ಅಗೆಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಗಣಿ ಹುಡುಕಿ, ಒಪ್ಪಿಗೆ ಪಡೆದು, ಅದಿರು ತೆಗೆಯುವಷ್ಟರಲ್ಲಿ ಹತ್ತು ಹದಿನೈದು ವರ್ಷ ಆಗುತ್ತದೆ. ಮೊಬೈಲಿನ ಬ್ಯಾಟರಿಯಲ್ಲಿ ಕೋಬಾಲ್ಟ್ ಆಗಲೇ ಶುದ್ಧ ಮಾಡಿ ತುಂಬಿ ಇಟ್ಟಿದೆ. ಒಂದೊಂದರಲ್ಲಿ ಕೆಲವೇ ಗ್ರಾಂ, ನಿಜ. ದೇಶದಲ್ಲಿ ಎಷ್ಟು ಕೋಟಿ ಮೊಬೈಲಿದೆ, ನೀವೇ ಯೋಚನೆ ಮಾಡಿ.

ಮನೆ 3, 1:45

ನಮ್ಮಜ್ಜಿ ಊರು ಬಿಟ್ಟು ಬಂದದ್ದು ಒಂದು ದೊಡ್ಡ ಯೋಜನೆಗೋಸ್ಕರ. ಬರುವಾಗ ತುಳಸಿಕಟ್ಟೆಯ ಒಂದು ಕಲ್ಲು ಎತ್ತಿಕೊಂಡು ಬಂದಿದ್ದಳು. ಈಗಲೂ ನಮ್ಮ ಅಂಗಳದಲ್ಲಿದೆ. ದೇಶಕ್ಕೆ ಬೇಕು ಅಂದಾಗ ಈ ಜಿಲ್ಲೆ ನೆಲ ಕೊಟ್ಟಿದೆ, ಕಾಳಿ ನದಿಯನ್ನೂ ಕೊಟ್ಟಿದೆ. ಹಾಗಾಗಿ "ಅಗೆದರೆ ಆಯ್ತು" ಅನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು ಭಾವ. ಎಲ್ಲೋ ಯಾರದ್ದೋ ತುಳಸಿಕಟ್ಟೆ ಇರುತ್ತದೆ. ಮನೆಯಲ್ಲಿ ಬಿದ್ದಿರುವುದನ್ನು ಮೊದಲು ಕೊಡೋಣ.

ಮನೆ 6, 1:58

ಅಕ್ಕ, ನಿಮ್ಮ ಮಾತು ಒಪ್ಪಿದೆ. ನಮ್ಮ ಅಟ್ಟದಲ್ಲಿ ಎರಡು ಲ್ಯಾಪ್‌ಟಾಪ್, ಒಂದು ಕೆಟ್ಟ ಯುಪಿಎಸ್ ಇದೆ. ಇಳಿಸುತ್ತೇನೆ.

ಮನೆ 17, 3:10

ಮಗ ಹೊಸೂರಿನಲ್ಲಿ ಮೋಟಾರು ಮಾಡುವ ಕಡೆ ಕೆಲಸದಲ್ಲಿದ್ದಾನೆ. ಹೋದ ವರ್ಷ ಜೂನಿನಲ್ಲಿ ಫೋನ್ ಮಾಡಿ "ಆಯಿ, ಮ್ಯಾಗ್ನೆಟ್ ಬರ್ತಿಲ್ಲ, ಒಂದು ಪಾಳಿ ನಿಲ್ಲಿಸಿದ್ದಾರೆ" ಅಂದ. ಮ್ಯಾಗ್ನೆಟ್ ಇಲ್ಲದೆ ಕೆಲಸ ನಿಲ್ಲುವುದು ಅಂದರೆ ಏನು ಅಂತ ಆಗ ನನಗೆ ಅರ್ಥವೇ ಆಗಿರಲಿಲ್ಲ. ಇವತ್ತು ಮೇಷ್ಟ್ರು ಬರೆದದ್ದು ಓದಿ ಅರ್ಥ ಆಯಿತು. ನಮ್ಮ ಮನೆಯ ಹಳೆ ಹಾರ್ಡ್ ಡಿಸ್ಕನ್ನು ದೀಪಾವಳಿಯಲ್ಲಿ ಗುಜರಿಗೆ ಕೊಟ್ಟುಬಿಟ್ಟೆ. ಅದೂ ಇಪ್ಪತ್ತು ರೂಪಾಯಿಗೆ.

ಮನೆ 2, 3:35

ಒಂದು ಸಣ್ಣ ಮಾತು. ಶಿರಸಿ ತೋಟಕ್ಕೆ ಹಾಕುವ ಪೊಟ್ಯಾಷ್ ಕೂಡ ಆ 30ರ ಪಟ್ಟಿಯಲ್ಲಿದೆ. ಅದೂ ಹೊರಗಿನಿಂದಲೇ ಬರುವುದು. ಉಕ್ರೇನಿನಲ್ಲಿ ಯುದ್ಧ ಶುರುವಾದ 2022ರಲ್ಲಿ ಅದರ ಬೆಲೆ ಏರಿದ್ದು ಅಡಿಕೆ ಬೆಳೆಯುವ ನಮಗೆಲ್ಲ ಇನ್ನೂ ನೆನಪಿದೆ. ಇದು ಬರೀ ಕಾರ್ಖಾನೆಯವರ ತಲೆನೋವಲ್ಲ.

ಮನೆ 21, 4:00

ನಾನೂ ಬೇಲಿಯ ಮಾತು ಬಿಟ್ಟೆ. ಆದರೆ ಯಾರಿಗೆ ಕೊಡುತ್ತೇವೆ ಅನ್ನುವುದು ಗಟ್ಟಿ ಆಗಬೇಕು. ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋದ ಕಾಲ ನೋಡಿದವನು ನಾನು. ಅಂಕೋಲಾ ರಸ್ತೆಯ ಪಕ್ಕದ ಮರಗಳ ಎಲೆ ಕೆಂಪಾಗಿತ್ತು. ಅದಿರು ಹಡಗು ಹತ್ತಿ ಹೋಯಿತು, ಧೂಳು ನಮಗೆ ಉಳಿಯಿತು. ನಾವು ಒಟ್ಟು ಮಾಡಿ ಕೊಟ್ಟದ್ದೂ ಇನ್ನೊಂದು ಊರಿನ ಖಾಲಿ ಸೈಟಿನಲ್ಲಿ ಸುಟ್ಟುಹೋದರೆ?

ಮೇಷ್ಟ್ರು (ಮನೆ 14), 4:25

ಅದಕ್ಕೇ ನೋಂದಣಿ ನೋಡಿ ಕೊಡಬೇಕು. ಇ-ಕಸದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮರುಬಳಕೆ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿರಬೇಕು. ಆ ನಿಯಮದಲ್ಲಿ ಮೊದಲು ಲೆಕ್ಕಕ್ಕೆ ಹಿಡಿದದ್ದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಮಾತ್ರ. ಹಾಗಾಗಿ ಅಯಸ್ಕಾಂತವನ್ನು ಬೇರೆ ತೆಗೆಯುತ್ತೀರಾ ಅಂತ ನಾವು ಬಾಯಿಬಿಟ್ಟು ಕೇಳಬೇಕು. ಬ್ಯಾಟರಿಗೆ 2022ರ ಬೇರೆ ನಿಯಮ ಇದೆ. ಮೊಬೈಲಿನಂಥ ಚಿಕ್ಕ ಬ್ಯಾಟರಿಯಲ್ಲಿ 2026-27ರಿಂದ ಶೇ. 90ರಷ್ಟು ವಸ್ತು ವಾಪಸ್ ತೆಗೆಯಬೇಕು ಅಂತ ಅದರಲ್ಲಿದೆ. ಕೊಟ್ಟದ್ದಕ್ಕೆ ತೂಕದ ರಸೀದಿ ಕೇಳೋಣ.

ಕಾರ್ಯದರ್ಶಿ (ಮನೆ 11), ಸಂಜೆ 6:30

ಎಲ್ಲರ ಮಾತೂ ಓದಿದೆ. ಬರುವ ರವಿವಾರ ಬೆಳಿಗ್ಗೆ 9ರಿಂದ 12, ಗಣಪತಿ ಕೂರಿಸುವ ಶೆಡ್ಡಿನಲ್ಲಿ ಸಂಗ್ರಹ. ನೋಂದಣಿ ಇರುವ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿದೆ. ಗಾಡಿ ಕಾರವಾರದ ತನಕ ಬರಬೇಕಾದರೆ ತೂಕ ಸ್ವಲ್ಪ ಜಾಸ್ತಿ ಬೇಕಂತೆ. ಪಕ್ಕದ ಎರಡು ಬಡಾವಣೆಯವರನ್ನೂ ಕೇಳಿದ್ದೇನೆ, ಒಬ್ಬರು ಹೂಂ ಅಂದಿದ್ದಾರೆ. ನೋಂದಣಿ ಪತ್ರದ ಪ್ರತಿ ಕಳಿಸಿದ ಮೇಲೇ ದಿನ ಗಟ್ಟಿ ಅಂತ ಅವರಿಗೂ ಹೇಳಿದ್ದೇನೆ.

ಮೊಬೈಲ್, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಚಾರ್ಜರ್, ಇಯರ್‌ಫೋನ್, ಸ್ಪೀಕರ್, ಕೆಟ್ಟ ಮಿಕ್ಸಿ ಎಲ್ಲ ತನ್ನಿ. ಸಿಮ್, ಮೆಮೊರಿ ಕಾರ್ಡ್ ತೆಗೆದಿರಿ. ಫೋಟೋ ಅಳಿಸಲು ಬರದವರಿಗೆ ಮನೆ 6ರ ಹುಡುಗ ಅಲ್ಲೇ ಕೂತು ಮಾಡಿಕೊಡುತ್ತಾನೆ. ಬಿಡಿ ಬ್ಯಾಟರಿಯ ತುದಿಗೆ ಟೇಪ್ ಸುತ್ತಿ. ಉಬ್ಬಿದ್ದಿದ್ದರೆ ಮುಟ್ಟಲು ಹೋಗಬೇಡಿ, ಅಂಗಡಿ ತಮ್ಮನಿಗೆ ಫೋನ್ ಮಾಡಿ, ಅವನೇ ಮರಳಿನ ಡಬ್ಬಿ ತಂದು ಒಯ್ಯುತ್ತಾನೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಒಡೆಯದ ಹಾಗೆ ಪೇಪರಿನಲ್ಲಿ ಸುತ್ತಿ ತನ್ನಿ, ಒಳಗೆ ಪಾದರಸ ಇದೆ. ಅದರ ಬಿಳಿ ಪುಡಿಯಲ್ಲೂ ಈ ವಿರಳ ಲೋಹಗಳಿವೆ ಅಂತ ಮೇಷ್ಟ್ರು ಹೇಳಿದರು. ಇನ್ವರ್ಟರಿನ ದೊಡ್ಡ ಬ್ಯಾಟರಿ ಬೇಡ, ಅದನ್ನು ಹೊಸದು ಕೊಳ್ಳುವಾಗ ಅಂಗಡಿಯವರೇ ಬೆಲೆ ಕಟ್ಟಿ ತೆಗೆದುಕೊಳ್ಳುತ್ತಾರೆ.

ಇನ್ನೊಂದು. ನಮ್ಮ ಬೀದಿಗೆ ಬರುವ ಗುಜರಿಯ ಅಜ್ಜನನ್ನೂ ಕರೆದಿದ್ದೇನೆ. ಅವರ ಹತ್ತಿರ ಮೂಟೆಗಟ್ಟಲೆ ಇದೆಯಂತೆ. ವೈರು ಸುಡದೆ ಹಾಗೇ ತಂದರೆ ತಾಮ್ರದಿಂದ ಸಿಗುವಷ್ಟು ದುಡ್ಡು ಸಂಘದಿಂದ ಕೊಡೋಣ ಅಂತ ನನ್ನ ಆಸೆ. ಒಪ್ಪಿಗೆ ಇರುವವರು ಹೇಳಿ.

ಮನೆ 9, 6:41

ಒಪ್ಪಿಗೆ. ಅಜ್ಜನ ಪಾಲಿಗೆ ನನ್ನಿಂದ 500.

ಮನೆ 21, 6:44

ಬೇಲಿಗೆ ಅಂತ ಇಟ್ಟಿದ್ದ ದುಡ್ಡು ಅದಕ್ಕೇ ಹಾಕಿ.

ಮೊಬೈಲ್ ರಿಪೇರಿ ಅಂಗಡಿ, ಮುಖ್ಯರಸ್ತೆ, 6:50

ಮನೆ 4ರ ಅಮ್ಮನಿಂದ ಈಗಷ್ಟೇ ಫೋನ್ ಬಂತು. ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಮೊಬೈಲು ಉಬ್ಬಿದೆಯಂತೆ. ಡಬ್ಬಿ ಹಿಡಿದು ಹೊರಟೆ.